ರೋಗಭೀತಿಯೆಂಬ ರೋಗ



ಈ ಸಂಜೆ ನಾವು ತಮ್ಮ ಮುಂದಿಡಲಿರುವುದು ಬಹುಕಾಲದಿಂದ ನಗೆಗೀಡಾಗಿ ಬಂದಿರುವ ಒಂದು ವಿಷಯ. ದೇಹದಲ್ಲಿ ರೋಗವಿಲ್ಲದಿದ್ದರೂ ಇದೆಯೆಂದು ಹಗಲಿರುಳೂ ಅಂಜುವವನ ಪಾಡು ಅದು. ಇಂಥವನೊಬ್ಬನಿಲ್ಲದ ಬೀದಿಯಿಲ್ಲ, ನಂಟರಿಷ್ಟರು ತುಂಬಿದ ಮನೆತನಗಳಲ್ಲಿ ಇಂಥವನೊಬ್ಬನಿಲ್ಲದ ಮನೆತನವೂ ಅಪರೂಪ. ಅವನ ಬೀರುವಿನಲ್ಲಿ ಒಡವೆವಸ್ತುಗಳಿಗಿಂತ ಹೆಚ್ಚು ಜೋಪಾನವಾಗಿ ರಕ್ತಪರೀಕ್ಷೆಯ ಚೀಟಿಗಳಿರುತ್ತವೆ. ಮದುವೆಯ ಮನೆಯಲ್ಲಿ ಅವನನ್ನು ಕಂಡ ಬಂಧುಗಳು, "ಏನಪ್ಪ, ಈ ವಾರ ಯಾವ ಕಾಯಿಲೆ?" ಎಂದು ಕೇಳಿ ನಗುತ್ತಾರೆ. ಅವನೂ ನಗುತ್ತಾನೆ. ಆ ನಗೆಯ ಹಿಂದೆ ಏನಿದೆಯೆಂಬುದನ್ನು ಬಲ್ಲವರು ವಿರಳ. ಆ ವಿರಳರಲ್ಲಿ ನಾವೂ ಒಬ್ಬರಾದುದರಿಂದಲೇ ಈ ಭಾಷಣಕ್ಕೆ ಒಪ್ಪಿಕೊಂಡೆವು.

ಮೈಸೂರಿನಲ್ಲಿ ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರಯಂತ್ರವನ್ನಿಟ್ಟು 'ಆಕಾಶವಾಣಿ'ಗೆ ನಾಂದಿ ಹಾಡಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸಿನ ಶಾಸ್ತ್ರವನ್ನು ಬಲ್ಲವರು ಧ್ವನಿಯನ್ನು ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ಕೈಹಾಕಿದ್ದು ನಮಗೆ ಬಹಳ ಉಚಿತವಾಗಿ ತೋರುತ್ತದೆ. ಮನಸ್ಸಿನ ಕಷ್ಟದಲ್ಲಿರುವವನು ಅದನ್ನು ಕುರಿತ ಸಭೆಗೆ ಬಂದು ನಾಲ್ಕು ಜನರ ನಡುವೆ ಕುಳಿತುಕೊಳ್ಳಲು ನಾಚುತ್ತಾನೆ; ಮನೆಯ ಮೂಲೆಯಲ್ಲಿ ಕುಳಿತು ರೇಡಿಯೋ ಕೇಳಲು ಯಾರೂ ನಾಚಬೇಕಾಗಿಲ್ಲ.

ನಾವು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವರು. ಜೆರೋಮ್ ಕೆ. ಜೆರೋಮನು ೧೮೮೯ರಲ್ಲಿ ಪ್ರಕಟಿಸಿದ 'ಥ್ರೀ ಮೆನ್ ಇನ್ ಎ ಬೋಟ್' ಪುಸ್ತಕದ ಮೊದಲ ಅಧ್ಯಾಯವನ್ನು ಎಷ್ಟೋ ಸಲ ತರಗತಿಯಲ್ಲಿ ಓದಿ ನಗಿಸಿದ್ದೇವೆ. ಕಥೆ ಹೇಳುವವನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ಯಾವುದೋ ಅಲ್ಪ ಕಾಯಿಲೆಗಾಗಿ ವೈದ್ಯಕೋಶವನ್ನು ತೆರೆಯುತ್ತಾನೆ. ಅಕಾರಾದಿಯಾಗಿ ಓದುತ್ತ ಹೋದಂತೆಲ್ಲ ಒಂದೊಂದು ರೋಗವೂ ತನಗಿದೆಯೆಂದು ಅವನಿಗೆ ಖಚಿತವಾಗುತ್ತದೆ. ಕೊನೆಗೆ ಇಲ್ಲದ್ದು ಒಂದೇ ಒಂದು. ನೆಲ ಒರೆಸುವ ಹೆಂಗಸರಿಗೆ ಬರುವ ಮೊಣಕಾಲಿನ ಊತ. ಅದೊಂದು ತನಗೇಕೆ ಬರಲಿಲ್ಲವೆಂದು ಅವನಿಗೆ ಸ್ವಲ್ಪ ಅಸಮಾಧಾನ. ಒಳಗೆ ಹೋಗುವಾಗ ಆರೋಗ್ಯವಂತನಾಗಿದ್ದವನು ಹೊರಗೆ ಬರುವಾಗ ಕುಗ್ಗಿ ಕುಸಿದವನಾಗಿರುತ್ತಾನೆ. ಈ ಭಾಗಕ್ಕೆ ನಗದ ವಿದ್ಯಾರ್ಥಿಯನ್ನು ನಾವು ಕಂಡಿಲ್ಲ.

ಇದಕ್ಕೂ ಹಿಂದೆ, ೧೬೭೩ರಲ್ಲಿ, ಫ್ರೆಂಚ್ ನಾಟಕಕಾರ ಮೊಲಿಯೇರನು ಇಂಥವನನ್ನೇ ನಾಯಕನನ್ನಾಗಿ ಮಾಡಿ ಒಂದು ಪ್ರಹಸನವನ್ನು ಬರೆದನು. 'ಕಲ್ಪನೆಯ ರೋಗಿ' ಎಂದು ಅದರ ಹೆಸರನ್ನು ಹೇಳಬಹುದು. ಆ ರೋಗಿಯ ಪಾತ್ರವನ್ನು ತಾನೇ ವಹಿಸಿದ್ದನು. ಫೆಬ್ರವರಿ ೧೭ನೆಯ ದಿನ, ನಾಲ್ಕನೆಯ ಪ್ರದರ್ಶನದ ನಡುವೆ, ಅವನಿಗೆ ತೀವ್ರವಾದ ಅಸ್ವಸ್ಥತೆಯುಂಟಾಯಿತು. ಹೇಗೋ ನಾಟಕವನ್ನು ಮುಗಿಸಿ ಮನೆಗೆ ಹೋದವನು ಅದೇ ರಾತ್ರಿ ತೀರಿಕೊಂಡನು. ರೋಗವಿಲ್ಲದವನ ವೇಷವನ್ನು ಹಾಕಿದ್ದವನು ನಿಜವಾದ ರೋಗಿಯಾಗಿದ್ದನು. ಸಾಹಿತ್ಯದ ಚರಿತ್ರೆಯಲ್ಲಿ ಇದೊಂದು ವಿಚಿತ್ರ ಪ್ರಸಂಗವೆಂದು ಇತರರು ಓದಿ ಮುಂದೆ ಹೋಗುತ್ತಾರೆ. ರೋಗಭೀತಿಯುಳ್ಳವನು ಮಾತ್ರ ಅಲ್ಲಿಯೇ ನಿಲ್ಲುತ್ತಾನೆ. "ನೋಡಿದಿರಾ? ಎಲ್ಲರೂ ಇಲ್ಲವೆನ್ನುತ್ತಿದ್ದರು; ಆದರೂ ಇತ್ತು" ಎನ್ನುತ್ತಾನೆ. ಅವನ ಸಮಗ್ರ ವಾದವೂ ಈ ಒಂದು ವಾಕ್ಯದಲ್ಲಿ ಅಡಗಿದೆ. ಸಾವಿರ ಮಂದಿ ವೈದ್ಯರ 'ಇಲ್ಲ'ವೂ ಅವನ 'ಒಂದುವೇಳೆ'ಯ ಮುಂದೆ ನಿಲ್ಲಲಾರದು.

ಈಗ ನಮ್ಮ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇವೆ. ನಮಗೆ ಮೂವತ್ತನಾಲ್ಕು ವರ್ಷವಾಗಿದ್ದಾಗ, ಒಂದೇ ಕೊಠಡಿಯಲ್ಲಿ ನಮ್ಮೆದುರು ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ಸಹೋದ್ಯೋಗಿಯೊಬ್ಬರು ಒಂದು ಬೆಳಗ್ಗೆ ಸ್ನಾನದ ಮನೆಯಲ್ಲಿ ಕುಸಿದು ತೀರಿಕೊಂಡರು. ಹೃದಯದ ತೊಂದರೆ ಎಂದರು. ಅವರ ವಯಸ್ಸು ಮೂವತ್ತೇಳು. ಹಿಂದಿನ ಸಂಜೆ ನಮ್ಮೊಡನೆ ಕಾಫಿ ಕುಡಿದು, "ಉಳಿದ ಇಪ್ಪತ್ತನ್ನು ನಾಳೆ ನೋಡೋಣ" ಎಂದು ಪತ್ರಿಕೆಗಳ ಕಟ್ಟಿಗೆ ದಾರ ಸುತ್ತಿದ್ದರು. ಆ ಇಪ್ಪತ್ತನ್ನು ನಾವು ತಿದ್ದಿದೆವು. ಅವರ ಉತ್ತರಕ್ರಿಯೆಗಳು ಮುಗಿದ ಒಂದು ವಾರಕ್ಕೆ, ರಾತ್ರಿ ಮಲಗಿದ್ದಾಗ, ನಮ್ಮ ಎದೆಯ ಎಡಗಡೆ ಏನೋ ಚುಚ್ಚಿದಂತಾಯಿತು. ಎದ್ದು ಕುಳಿತೆವು. ಎದೆ ಡವಡವ ಹೊಡೆದುಕೊಳ್ಳತೊಡಗಿತು, ಬೆರಳುಗಳು ಜುಮುಗುಟ್ಟಿದವು, ಅಂಗಾಲು ತಣ್ಣಗಾಯಿತು. ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು. ಹೃದಯದ ನಕ್ಷೆ ತೆಗೆದು, ರಕ್ತ ಪರೀಕ್ಷಿಸಿ, "ಏನೂ ಇಲ್ಲ, ಹೋಗಿ ನಿದ್ದೆ ಮಾಡಿ" ಎಂದರು.

ಆ 'ಏನೂ ಇಲ್ಲ' ಎಂಬ ಮಾತು ಅಮೃತದಂತಿತ್ತು. ಅದರ ಪ್ರಭಾವ ಮೊದಲ ಸಲ ಒಂದು ತಿಂಗಳು ಉಳಿಯಿತು. ಎರಡನೆಯ ಸಲ ಒಂದು ವಾರ. ಮೂರನೆಯ ವರ್ಷದ ಹೊತ್ತಿಗೆ ವೈದ್ಯರ ಮನೆಯ ಮೆಟ್ಟಿಲಿಳಿಯುವಷ್ಟರಲ್ಲಿ ಅದು ಕರಗಿಹೋಗುತ್ತಿತ್ತು. ಅವರು ಸರಿಯಾಗಿ ಕೇಳಿಸಿಕೊಂಡರೋ ಇಲ್ಲವೋ, ಯಂತ್ರ ಸರಿಯಾಗಿತ್ತೋ ಇಲ್ಲವೋ, ನಾವು ಮುಖ್ಯವಾದದ್ದನ್ನೇ ಹೇಳಲು ಮರೆತೆವೋ ಏನೋ! ಹೃದಯದ ಮೇಲಿನ ಸಂಶಯ ಒಂದಿಷ್ಟು ತಗ್ಗಿದರೆ ತಲೆನೋವು ಮಿದುಳಿನ ಗಡ್ಡೆಯಾಗುತ್ತಿತ್ತು. ಅದು ಮುಗಿದರೆ ಗಂಟಲಿನ ಒತ್ತಡ ಅರ್ಬುದವಾಗುತ್ತಿತ್ತು. ತರಗತಿಯಲ್ಲಿ ಷೇಕ್ಸ್‌ಪಿಯರನನ್ನು ಪಾಠ ಹೇಳುತ್ತ ಮೇಜಿನ ಮರೆಯಲ್ಲಿ ಎಡಗೈಯ ನಾಡಿಯನ್ನು ಎಣಿಸುತ್ತಿದ್ದೆವು. ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಮೊಬೈಲನ್ನು ಹಿಡಿದು ರೋಗಲಕ್ಷಣಗಳನ್ನು ಓದುತ್ತಿದ್ದೆವು. ಜೆರೋಮನ ನಾಯಕನು ಗ್ರಂಥಾಲಯಕ್ಕಾದರೂ ಹೋಗಬೇಕಾಗಿತ್ತು, ಅದಕ್ಕೆ ಬಾಗಿಲು ಮುಚ್ಚುವ ಹೊತ್ತೆಂಬುದೊಂದಿತ್ತು. ನಮ್ಮ ಗ್ರಂಥಾಲಯ ದಿಂಬಿನ ಕೆಳಗೇ ಇತ್ತು. ಮಲೆನಾಡಿನ ಹಳ್ಳಿಯೊಂದರಲ್ಲಿ ನಡೆದ ಸೋದರಸೊಸೆಯ ಮದುವೆಗೆ ನಾವು ಹೋಗಲಿಲ್ಲ. ಪರೀಕ್ಷೆಯ ಕೆಲಸವೆಂದು ಸುಳ್ಳು ಹೇಳಿದೆವು. ಅಲ್ಲಿಂದ ದೊಡ್ಡಾಸ್ಪತ್ರೆಗೆ ಒಂದೂವರೆ ಗಂಟೆಯ ದಾರಿಯೆಂಬುದೇ ನಿಜವಾದ ಕಾರಣ. ಅಕ್ಕ ಆ ವಿಷಯವನ್ನು ಇಂದಿಗೂ ಮರೆತಿಲ್ಲ.

ಇಷ್ಟಾದರೂ ಚಿಕಿತ್ಸೆಗೆ ಹೋಗಬೇಕೆಂದು ನಮಗೆ ತೋರಿರಲಿಲ್ಲ. ಏಕೆಂದರೆ ನಮ್ಮ ದೃಷ್ಟಿಯಲ್ಲಿ ಕೆಟ್ಟಿದ್ದುದು ಎದೆ, ಮನಸ್ಸಲ್ಲ. ಒಂದು ಭಾನುವಾರ ಮಧ್ಯಾಹ್ನ ಆರು ವರ್ಷದ ನಮ್ಮ ಮಗಳು ಜಗಲಿಯ ಮೇಲೆ ಒಬ್ಬಳೇ ಕುಳಿತು ಆಡುತ್ತಿದ್ದಳು. ಎಡಗೈಯ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳನ್ನಿಟ್ಟು, ಗೋಡೆಯ ಗಡಿಯಾರವನ್ನು ನೋಡುತ್ತ, ತುಟಿಯಲ್ಲಿಯೇ ಏನನ್ನೋ ಎಣಿಸುತ್ತಿದ್ದಳು. "ಏನಮ್ಮ ಮಾಡುತ್ತಿದ್ದೀಯೆ?" ಎಂದು ಕೇಳಿದೆವು. "ಸದ್ದು ಮಾಡಬೇಡಿ. ನಾನೀಗ ಅಪ್ಪ" ಎಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು ಏನೂ ಹೇಳಲಿಲ್ಲ. ಮಾರನೆಯ ದಿನ ನಾವು ಬೆಂಗಳೂರಿನ ಒಬ್ಬ ಮನೋವೈದ್ಯರ ಬಳಿಗೆ ಹೊರಟೆವು.

ಈ ರೋಗ ಹೊಸದಲ್ಲ. ಇಂಗ್ಲಿಷಿನ 'ಹೈಪೊಕಾಂಡ್ರಿಯ' ಎಂಬ ಮಾತು ಗ್ರೀಕರದು. ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗಿನ ಭಾಗವೆಂದಷ್ಟೆ ಅದರ ಅರ್ಥ. ಯಕೃತ್ತು, ಗುಲ್ಮ ಮೊದಲಾದುವಿರುವ ಆ ಜಾಗದಲ್ಲಿಯೇ ಖಿನ್ನತೆ ಹುಟ್ಟುತ್ತದೆಂದು ಹಿಂದಿನವರು ನಂಬಿದ್ದರು. ಡಾಕ್ಟರ್ ಜಾನ್ಸನ್ನನ ಚರಿತ್ರೆಯನ್ನು ಬರೆದು ಪ್ರಸಿದ್ಧನಾದ ಜೇಮ್ಸ್ ಬಾಸ್ವೆಲ್ಲನು ೧೭೭೭ರಿಂದ ೧೭೮೩ರ ವರೆಗೆ 'ಲಂಡನ್ ಮ್ಯಾಗಜೀನ್' ಪತ್ರಿಕೆಯಲ್ಲಿ ಎಪ್ಪತ್ತು ಪ್ರಬಂಧಗಳನ್ನು ಬರೆದನು. ಅವಕ್ಕೆ ಅವನಿಟ್ಟುಕೊಂಡ ಅಂಕಿತ 'ಹೈಪೊಕಾಂಡ್ರಿಯಾಕ್' ಎಂದೇ. ಆದರೆ ನಮಗೆ ಎಲ್ಲರಿಗಿಂತಲೂ ಹತ್ತಿರದವನಾಗಿ ಕಂಡವನು ತತ್ತ್ವಜ್ಞಾನಿ ಇಮಾನ್ಯುಯಲ್ ಕ್ಯಾಂಟ್. ೧೭೯೮ರಲ್ಲಿ ಪ್ರಕಟವಾದ ಬರಹವೊಂದರಲ್ಲಿ ಅವನು ತನ್ನ ದೇಹದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಅವನ ಎದೆ ಚಪ್ಪಟೆ, ಇಕ್ಕಟ್ಟು. ಹೃದಯಕ್ಕೂ ಶ್ವಾಸಕೋಶಕ್ಕೂ ಅಲ್ಲಿ ಸಾಕಷ್ಟು ಎಡೆಯಿಲ್ಲವೆಂದು ಅವನಿಗೆ ತೋರುತ್ತಿತ್ತು. ಎಳೆಯ ವಯಸ್ಸಿನಲ್ಲಿ ಇದರಿಂದ ಜೀವವೇ ಬೇಸರವಾಗುವಷ್ಟು ನೊಂದಿದ್ದನು. ಮುಂದೆ, ಈ ಒತ್ತಡ ಮೈಕಟ್ಟಿನಿಂದ ಬಂದದ್ದು, ಹೋಗತಕ್ಕದ್ದಲ್ಲ ಎಂದು ತಿಳಿದುಕೊಂಡು, ಅದರ ಕಡೆಗೆ ಗಮನ ಕೊಡುವುದನ್ನು ಬಿಟ್ಟನು. ಒತ್ತಡ ಎದೆಯಲ್ಲಿ ಉಳಿಯಿತು. ಆಲೋಚನೆಯಲ್ಲಿಯೂ ಕೆಲಸದಲ್ಲಿಯೂ ಶಾಂತಿ ನೆಲಸಿತು. ಆ ಇಕ್ಕಟ್ಟಾದ ಎದೆಯನ್ನೇ ಹೊತ್ತುಕೊಂಡು ಅವನು ಎಂಬತ್ತರ ಹತ್ತಿರದ ವರೆಗೆ ಬದುಕಿ ೧೮೦೪ರಲ್ಲಿ ತೀರಿಕೊಂಡನು.

ಗಮನಕ್ಕೆ ಇಷ್ಟು ಶಕ್ತಿಯಿದೆಯೆ ಎಂದು ತಾವು ಕೇಳಬಹುದು. ಈಗಲೇ ಪರೀಕ್ಷಿಸಿ ನೋಡಿ. ದಯವಿಟ್ಟು ತಮ್ಮ ಗಮನವನ್ನು ಎಡಗಾಲಿನ ಹೆಬ್ಬೆರಳಿನ ಮೇಲಿಡಿ. ಅರೆನಿಮಿಷ ಅಲ್ಲಿಯೇ ಇರಲಿ. ಏನೋ ಒಂದು ಬಿಸಿ, ಒಂದು ಜುಮು, ಒಂದು ಭಾರ ಅಲ್ಲಿ ತೋರುತ್ತಿಲ್ಲವೆ? ಒಂದು ನಿಮಿಷದ ಹಿಂದೆಯೂ ಆ ಬೆರಳು ಇತ್ತು. ಆದರೆ ತಮ್ಮ ಪಾಲಿಗೆ ಇರಲಿಲ್ಲ. ದೇಹವೆಂಬುದು ಸದಾ ಗಿಜಿಗುಟ್ಟುವ ಸಂತೆ. ಕರುಳು ಗುಡುಗುಡಿಸುತ್ತದೆ, ಮಾಂಸಖಂಡ ಮಿಡುಕುತ್ತದೆ, ಹೃದಯ ಆಗಾಗ ಒಂದು ಬಡಿತವನ್ನು ಹೆಚ್ಚಾಗಿ ಬಡಿದು ಅನಂತರ ಅರೆಕ್ಷಣ ತಡೆಯುತ್ತದೆ. ಆರೋಗ್ಯವಂತರಲ್ಲಿಯೂ ಇದು ಸಾಮಾನ್ಯ. ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬ ಗಾದೆಯುಂಟಷ್ಟೆ. ರೋಗಭೀತಿಯುಳ್ಳವನು ಈ ಸಂತೆಯ ಒಂದೊಂದು ಕೂಗನ್ನೂ ಕಿವಿಗೊಟ್ಟು ಕೇಳುವ ಕಾವಲುಗಾರ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಭಯವಾದಾಗ ಎದೆ ಬೇಗಬೇಗ ಬಡಿಯುವುದು ಸಹಜ. ಉಸಿರು ಬೇಗಬೇಗ ಆಡಿದರೆ ರಕ್ತದಲ್ಲಿನ ಇಂಗಾಲಾಮ್ಲ ವಾಯು ಕಡಮೆಯಾಗಿ ಬೆರಳುಗಳೂ ತುಟಿಯ ಸುತ್ತಲೂ ಜುಮುಗುಟ್ಟುತ್ತವೆ, ತಲೆ ಹಗುರಾಗುತ್ತದೆ. ಬಿಗಿಹಿಡಿದ ಎದೆಯ ಮಾಂಸಖಂಡಗಳು ನೋಯುತ್ತವೆ. ಇವೆಲ್ಲ ಭಯದ ಫಲಗಳು. ಆದರೆ ಹೆದರಿದವನು ಇವನ್ನು ಭಯಕ್ಕೆ ಕಾರಣವೆಂದು ಓದಿಕೊಳ್ಳುತ್ತಾನೆ. ಭಯ ಇಮ್ಮಡಿಯಾಗುತ್ತದೆ, ಅದರ ಫಲಗಳೂ ಇಮ್ಮಡಿಯಾಗುತ್ತವೆ. ಕುತ್ತಿಗೆಯಲ್ಲಿ ಗಂಟಿದೆಯೋ ಎಂದು ದಿನಕ್ಕೆ ನಲವತ್ತು ಸಲ ಒತ್ತಿ ನೋಡಿದರೆ ಆ ಜಾಗ ನೋಯದೆ ಇದ್ದೀತೆ? ನುಂಗಲು ಆಗುತ್ತದೆಯೋ ಎಂದು ಬರಿಯ ಗಂಟಲನ್ನು ಮತ್ತೆ ಮತ್ತೆ ನುಂಗಿ ನೋಡಿದರೆ ಅದು ಹಿಡಿದುಕೊಳ್ಳದೆ ಇದ್ದೀತೆ? ಪರೀಕ್ಷೆಯೇ ಲಕ್ಷಣವನ್ನು ಹುಟ್ಟಿಸುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಮಾಧಾನದ ವಿಷಯ. ೧೯೮೬ರಲ್ಲಿ ಪಾಲ್ ಸಾಲ್ಕೋವ್‌ಸ್ಕಿಸ್, ಹಿಲರಿ ವಾರ್ವಿಕ್ ಎಂಬ ಇಬ್ಬರು ಇಂಗ್ಲೆಂಡಿನ ವಿದ್ವಾಂಸರು ಇದನ್ನು ಸ್ಪಷ್ಟವಾಗಿ ವಿವರಿಸಿದರು. ವೈದ್ಯರ ಸಾಂತ್ವನ, ಮನೆಯವರ ಸಾಂತ್ವನ, ಹೊಸ ಪರೀಕ್ಷೆಯ ಸಾಂತ್ವನ, ಇವು ಆ ಕ್ಷಣಕ್ಕೆ ಭಯವನ್ನು ತಗ್ಗಿಸುತ್ತವೆ. ತಗ್ಗಿಸುವುದರಿಂದಲೇ ಮತ್ತೊಮ್ಮೆ ಅದನ್ನು ಬೇಡುವ ಅಭ್ಯಾಸವನ್ನು ಬೆಳೆಸುತ್ತವೆ. ಕಜ್ಜಿಯನ್ನು ತುರಿಸಿಕೊಂಡಂತೆ. ತುರಿಸುವಾಗ ಹಿತ, ತುರಿಸಿದ ಮೇಲೆ ಉರಿ, ಉರಿಗೆ ಮತ್ತೆ ತುರಿಕೆ.

ನಮ್ಮ ವೇದಾಂತದಲ್ಲಿ ಹಗ್ಗವನ್ನು ಹಾವೆಂದು ಬಗೆದವನ ದೃಷ್ಟಾಂತವನ್ನು ತಾವೆಲ್ಲರೂ ಕೇಳಿದ್ದೀರಿ. ಹಾವು ಸುಳ್ಳಾದರೂ ಅವನ ಬೆವರು ಸುಳ್ಳಲ್ಲ, ನಡುಕ ಸುಳ್ಳಲ್ಲ. ದೀಪ ತಂದರೆ ಹಾವು ಹೋಗಿ ಹಗ್ಗ ಉಳಿಯುತ್ತದೆ; ಅಲ್ಲಿಗೆ ಆ ಕಥೆ ಮುಗಿಯಿತು. ರೋಗಭೀತಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದೀಪ ಆರಿದೊಡನೆ ಹಗ್ಗ ಮತ್ತೆ ಹೆಡೆಯೆತ್ತುತ್ತದೆ. ಅವನು ಮತ್ತೆ ದೀಪಕ್ಕಾಗಿ ಕೂಗುತ್ತಾನೆ. ನಾಲ್ಕು ವರ್ಷ ನಾವು ಮಾಡಿದ್ದು ಇದನ್ನೇ. ಹೆಚ್ಚುಹೆಚ್ಚು ಪ್ರಕಾಶಮಾನವಾದ, ಹೆಚ್ಚುಹೆಚ್ಚು ಬೆಲೆಯ ದೀಪಗಳನ್ನು ತರಿಸಿದೆವು. ಕಲಿಯಬೇಕಾಗಿದ್ದುದು ಮಬ್ಬಿನಲ್ಲಿ ನಡೆಯುವುದನ್ನು.

ಇದನ್ನು ಕಲಿಸುವ ವಿದ್ಯೆ ಈಗ ಉಂಟೆಂಬುದೇ ಈ ಸಂಜೆ ನಾವು ಮುಖ್ಯವಾಗಿ ಹೇಳಬೇಕಾದ ಮಾತು. ಆಲೋಚನೆಯನ್ನೂ ನಡತೆಯನ್ನೂ ಒಟ್ಟಿಗೆ ತಿದ್ದುವ ಈ ಕ್ರಮಕ್ಕೆ ಅರಿವು-ವರ್ತನೆಯ ಚಿಕಿತ್ಸೆ ಎಂದು ಹೇಳುತ್ತಾರೆ. ನಮ್ಮ ವೈದ್ಯರು ಮೊದಲ ದಿನ "ಏನೂ ಇಲ್ಲ" ಎಂದು ಹೇಳಲಿಲ್ಲ. "ನಿಮ್ಮ ಎದೆಯಲ್ಲಿ ತೋರುವುದು ನಿಜ. ಅದಕ್ಕೆ ನೀವು ಬರೆದಿರುವ ವ್ಯಾಖ್ಯಾನವನ್ನು ಮಾತ್ರ ನೋಡೋಣ" ಎಂದರು. ಸಾಹಿತ್ಯದ ಅಧ್ಯಾಪಕನಿಗೆ ಇದಕ್ಕಿಂತ ಹಿಡಿಸುವ ಮಾತು ಬೇರೆ ಯಾವುದು? ಮೂಲ ಒಂದೇ, ಭಾಷ್ಯ ಎರಡು. ನಮಗೆ ಹೃದ್ರೋಗವಿದೆಯೆಂಬುದು ಒಂದು ಭಾಷ್ಯ. ಹೃದ್ರೋಗದ ಭಯದಿಂದ ಬಹಳವಾಗಿ ನೊಂದಿರುವವರು ನಾವು ಎಂಬುದು ಇನ್ನೊಂದು. "ಮೊದಲನೆಯದನ್ನು ನಂಬಿ ನಾಲ್ಕು ವರ್ಷ ಕಳೆದಿರಿ. ಎರಡನೆಯದಕ್ಕೆ ಮೂರು ತಿಂಗಳು ಕೊಡಿ" ಎಂದರು.

ಮೊದಲ ವಾರದ ಕೆಲಸ ಬರಿಯ ಲೆಕ್ಕ. ನಾಡಿ ನೋಡಿದ್ದು, ಕುತ್ತಿಗೆ ಒತ್ತಿದ್ದು, ಮೊಬೈಲಿನಲ್ಲಿ ಓದಿದ್ದು, ಮನೆಯವರನ್ನು ಕೇಳಿದ್ದು, ಇಷ್ಟನ್ನೂ ಒಂದು ಪುಸ್ತಕದಲ್ಲಿ ಗೀಟು ಹಾಕುತ್ತ ಬರೆಯಬೇಕು. ಮೊದಲ ದಿನ ನಾಡಿಯ ಸಾಲಿನಲ್ಲಿ ೬೧ ಗೀಟುಗಳಿದ್ದವು. ಮನೆಯವರನ್ನು ಕೇಳಿದ್ದು ೧೪ ಸಲ. ಅವರು ಆ ಪುಟವನ್ನು ನೋಡಿ, "ನಾನು ಇನ್ನೂ ಹೆಚ್ಚೆಂದುಕೊಂಡಿದ್ದೆ" ಎಂದರು. ಎರಡನೆಯ ವಾರ, ವೈದ್ಯರ ಎದುರಿಗೆ ಒಂದು ನಿಮಿಷ ಬೇಗಬೇಗ ಉಸಿರಾಡಿದೆವು. ಆ ಮೊದಲ ರಾತ್ರಿಯ ಜುಮು ಹಾಗೆಯೇ ಬೆರಳಿಗೆ ಬಂತು. ನಾಲ್ಕು ವರ್ಷ ನಮ್ಮನ್ನು ಆಳಿದ ಭೂತವನ್ನು ಹಗಲು ಹನ್ನೊಂದು ಗಂಟೆಗೆ ಕುರ್ಚಿಯ ಮೇಲೆ ಕುಳಿತು ನಾವೇ ಕರೆಯಬಹುದೆಂದು ತಿಳಿದಾಗ ನಮಗೆ ನಗೆಯೂ ಬಂತು, ಅಳುವೂ ಬಂತು.

ಕಠಿನವಾದದ್ದು ಮುಂದಿನದು. ನಾಡಿ ನೋಡಬೇಕೆಂಬ ಚಪಲ ಬಂದಾಗ ಮೊದಲು ಐದು ನಿಮಿಷ ಮುಂದೂಡಬೇಕು. ಆಮೇಲೆ ಹತ್ತು, ಆಮೇಲೆ ಅರ್ಧ ಗಂಟೆ. ನಾವು ಬಿಟ್ಟಿದ್ದ ಮೆಟ್ಟಿಲುಗಳನ್ನು ಮತ್ತೆ ಹತ್ತಬೇಕು. ಮನೆಯವರನ್ನೂ ವೈದ್ಯರು ಕರೆಸಿ ಮಾತನಾಡಿದರು. "ನನಗೇನೂ ಆಗುವುದಿಲ್ಲ, ಅಲ್ಲವೆ?" ಎಂಬ ಪ್ರಶ್ನೆಗೆ ಇನ್ನು ಮೇಲೆ ಅವರು 'ಇಲ್ಲ' ಎಂದು ಉತ್ತರ ಕೊಡಬಾರದು, ಗದರಲೂ ಬಾರದು. "ಇದು ಭಯ ಕೇಳಿಸುವ ಪ್ರಶ್ನೆ. ನಾನು ಇಲ್ಲಿಯೇ ಇದ್ದೇನೆ" ಎಂದಷ್ಟೆ ಹೇಳಬೇಕು. ಮೊದಲ ಸಲ ಅವರು ಹಾಗೆ ಹೇಳಿದ ರಾತ್ರಿಯನ್ನು ನಾವು ಮರೆಯಲಾರೆವು. ಇವರಿಗೆ ಕರುಣೆಯೇ ಇಲ್ಲವೆನಿಸಿತು. ಅವರ ಕಣ್ಣಲ್ಲಿಯೂ ನೀರಿತ್ತು. ಭಯ ಏರಿತು, ಏರಿ ನಿಂತಿತು. ಸುಮಾರು ಒಂದೂವರೆ ಗಂಟೆಯ ಮೇಲೆ, ಯಾರೂ ಏನೂ ಮಾಡದೆ, ತಾನಾಗಿಯೇ ಇಳಿಯಿತು. ನಾಲ್ಕು ವರ್ಷದಲ್ಲಿ ಅದು ತಾನಾಗಿ ಇಳಿಯಲು ನಾವು ಒಮ್ಮೆಯೂ ಬಿಟ್ಟಿರಲಿಲ್ಲ.

ಇದರೊಡನೆ ನಮಗೆ ಔಷಧವನ್ನೂ ಕೊಟ್ಟರು. ಖಿನ್ನತೆಗೂ ಆತಂಕಕ್ಕೂ ಕೊಡುವ, ಸೆರೊಟೊನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ವರ್ಗದ ಔಷಧಗಳು ಈ ರೋಗದಲ್ಲಿಯೂ ಅನೇಕರಿಗೆ ಅನುಕೂಲವಾಗುತ್ತವೆ. ಅವುಗಳ ಗುಣ ಕಾಣಲು ಕೆಲವು ವಾರಗಳು ಬೇಕು. ವೈದ್ಯರನ್ನು ಕೇಳದೆ ಪ್ರಾರಂಭಿಸಲೂ ಬಾರದು, ಥಟ್ಟನೆ ನಿಲ್ಲಿಸಲೂ ಬಾರದು. ಔಷಧದ ಜೊತೆಗೆ ಬರುವ ಚೀಟಿಯಲ್ಲಿನ ದುಷ್ಪರಿಣಾಮಗಳ ಪಟ್ಟಿಯನ್ನು ಓದಿ ನಾವು ಮೂರು ದಿನ ಮಾತ್ರೆಯನ್ನು ಮುಟ್ಟಲಿಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇವೆ.

ಒಬ್ಬನ ಅನುಭವ ಶಾಸ್ತ್ರವಾಗಲಾರದು. ಇಂಗ್ಲೆಂಡಿನಲ್ಲಿ ಪೀಟರ್ ಟೈರರ್ ಮತ್ತು ಅವರ ಸಂಗಡಿಗರು ಹೃದಯ, ಶ್ವಾಸಕೋಶ, ನರ, ಜೀರ್ಣಾಂಗ ಮುಂತಾದ ವಿಭಾಗಗಳ ಹೊರರೋಗಿಗಳಲ್ಲಿ ತೀವ್ರ ರೋಗಭೀತಿಯುಳ್ಳ ೪೪೪ ಮಂದಿಯನ್ನು ಆರಿಸಿ, ಅರ್ಧದಷ್ಟು ಜನರಿಗೆ ಈ ಚಿಕಿತ್ಸೆಯನ್ನು ಕೊಟ್ಟು ನೋಡಿದರು. ೨೦೧೪ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಎರಡು ವರ್ಷಗಳ ಮೇಲೆಯೂ ಚಿಕಿತ್ಸೆ ಪಡೆದವರ ಭೀತಿ ಉಳಿದವರದಕ್ಕಿಂತ ಕಡಮೆಯಾಗಿಯೇ ಇತ್ತು. ಚಿಕಿತ್ಸೆ ಕೊಟ್ಟವರಲ್ಲಿ ತರಬೇತಿ ಪಡೆದ ದಾದಿಯರೂ ಇದ್ದರೆಂಬುದು ನಮ್ಮಂಥ ದೇಶದವರು ಗಮನಿಸತಕ್ಕ ಅಂಶ. ಹೆಸರುಗಳೂ ಬದಲಾಗಿವೆ. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ 'ಹೈಪೊಕಾಂಡ್ರಿಯ'ದ ಹಳೆಯ ಹೆಸರನ್ನು ಕೈಬಿಟ್ಟಿತು. ೨೦೨೨ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯು ಇದನ್ನು ಗೀಳಿನ ರೋಗಗಳ ಗುಂಪಿಗೆ ಸೇರಿಸಿತು. ಕೈ ಕೊಳೆಯಾಗಿದೆಯೆಂದು ನೂರು ಸಲ ತೊಳೆಯುವವನಿಗೂ ನಾಡಿಯನ್ನು ನೂರು ಸಲ ನೋಡುವವನಿಗೂ ಇರುವ ನಂಟನ್ನು ಅದು ಗುರುತಿಸಿದೆ.

ಇನ್ನು, ಇದು ನಗುವ ವಿಷಯವಲ್ಲವೆಂದು ಪ್ರಾರಂಭದಲ್ಲಿ ಸೂಚಿಸಿದೆವಷ್ಟೆ. ಸ್ವೀಡನ್ ದೇಶದ ದಾಖಲೆಗಳನ್ನು ಆಧರಿಸಿ ೨೦೨೩ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ರೋಗವಿದೆಯೆಂದು ವೈದ್ಯರು ಗುರುತಿಸಿದ್ದ ಸುಮಾರು ೪,೧೦೦ ಮಂದಿಯನ್ನು ಇತರರೊಡನೆ ಹೋಲಿಸಿ ನೋಡಿತು. ಅವರಲ್ಲಿ ತೀರಿಕೊಂಡವರು ಇತರರಿಗಿಂತ ಸರಾಸರಿ ಐದು ವರ್ಷ ಮೊದಲೇ ತೀರಿಕೊಂಡಿದ್ದರು; ಆತ್ಮಹತ್ಯೆಯ ಅಪಾಯ ಅವರಲ್ಲಿ ಸುಮಾರು ನಾಲ್ಕು ಪಟ್ಟಾಗಿತ್ತು. ಸಾವಿಗೆ ಅಷ್ಟು ಅಂಜುವವನು ಸಾವನ್ನೇ ಕರೆಯುವ ಸ್ಥಿತಿಗೆ ಬರುತ್ತಾನೆಂದರೆ ಆ ಭಯದ ಭಾರ ಎಷ್ಟಿರಬೇಕು! ಈ ಅಂಕಿಗಳನ್ನು ಹೇಳಿದ್ದು ಯಾರನ್ನೂ ಹೆದರಿಸುವುದಕ್ಕಲ್ಲ. ಹೆದರಿದವರು ಈಗಾಗಲೇ ಸಾಕಷ್ಟು ಹೆದರಿದ್ದಾರೆ. ನಗುವವರು ಕೇಳಿಸಿಕೊಳ್ಳಲೆಂದು ಹೇಳಿದೆವು.

ರೋಗಭೀತಿಯುಳ್ಳವರಿಗೆ ನಮ್ಮ ಬಿನ್ನಹ ಇಷ್ಟು. ನಂಬಿಕೆಗೆ ಅರ್ಹರಾದ ಒಬ್ಬರೇ ವೈದ್ಯರನ್ನು ಇಟ್ಟುಕೊಳ್ಳಿ; ಲಕ್ಷಣ ಬಂದಾಗಲೆಲ್ಲ ಓಡದೆ, ಗೊತ್ತುಮಾಡಿಕೊಂಡ ದಿನದಲ್ಲಿ ಅವರನ್ನು ಕಾಣಿ. ರೋಗಲಕ್ಷಣಗಳನ್ನು ಮೊಬೈಲಿನಲ್ಲಿ ಹುಡುಕುವುದನ್ನು ನಿಲ್ಲಿಸಿ. ಹಾಗೆಂದು, ದೇಹ ಕೊಡುವ ನಿಜವಾದ ಎಚ್ಚರಿಕೆಯನ್ನು ಅಲಕ್ಷಿಸಬೇಕೆಂದು ಯಾರೂ ಹೇಳುವುದಿಲ್ಲ. ಬೆವರು, ಉಬ್ಬಸಗಳೊಡನೆ ಬಿಡದೆ ಬರುವ ಎದೆನೋವು, ಮೈಯ ಒಂದು ಪಕ್ಕ ಥಟ್ಟನೆ ಸೋಲುವುದು, ರಕ್ತ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇಂಥವನ್ನು ಯಾರೇ ಆಗಲಿ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತೋರಿಸಿ, ಉತ್ತರ ಪಡೆದ ಮೇಲೆ, ಅದೇ ಪ್ರಶ್ನೆಯನ್ನು ಮತ್ತೆ ಹತ್ತು ಕಡೆ ಕೇಳುವುದನ್ನು ಬಿಡಬೇಕು, ಅಷ್ಟೆ. ಮನೆಯವರು ಎರಡು ತಪ್ಪುಗಳನ್ನು ಮಾಡಬಾರದು. ಒಂದು ಹಂಗಿಸುವುದು, ಇನ್ನೊಂದು, ದಿನಕ್ಕೆ ಹದಿನಾಲ್ಕು ಸಲ ಸಮಾಧಾನ ಹೇಳುವುದು. ವೈದ್ಯರಲ್ಲಿಯೂ ಒಂದು ಪ್ರಾರ್ಥನೆಯುಂಟು. 'ಏನೂ ಇಲ್ಲ' ಎಂಬುದು ರೋಗಿಯ ಕಿವಿಗೆ 'ನಿಮ್ಮ ನೋವು ಸುಳ್ಳು' ಎಂದು ಬೀಳುತ್ತದೆ. 'ಹೃದಯ ಸರಿಯಾಗಿದೆ, ಭಯ ಹೆಚ್ಚಾಗಿದೆ, ಅದಕ್ಕೂ ಚಿಕಿತ್ಸೆಯುಂಟು' ಎಂದು ಇನ್ನೆರಡು ಮಾತು ಸೇರಿಸಿದರೆ ಒಬ್ಬನ ನಾಲ್ಕು ವರ್ಷ ಉಳಿದೀತು.

ಸಹಾಯ ದೂರವಿಲ್ಲ. ನಮ್ಮ ಹಿಂದಿನ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಪ್ರಾರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಒಂದುಗೂಡಿ ಬೆಂಗಳೂರಿನ ನಿಮ್ಹಾನ್ಸ್ ಆಯಿತು. ೨೦೨೨ರ ಅಕ್ಟೋಬರಿನಿಂದ 'ಟೆಲಿ ಮಾನಸ್' ಎಂಬ ದೂರವಾಣಿಯ ಸೇವೆಯೂ ಉಂಟು. ಸಂಖ್ಯೆ ೧೪೪೧೬. ಒಂದು, ನಾಲ್ಕು, ನಾಲ್ಕು, ಒಂದು, ಆರು. ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. ಮನಸ್ಸಿನ ವಿಷಯವನ್ನು ಕನ್ನಡದಲ್ಲಿ ಹೇಳಲಾಗದೆಂಬ ನೆವವೂ ನಮಗಿಲ್ಲ. ವೈದ್ಯರೂ ಹಾಸ್ಯಸಾಹಿತಿಗಳೂ ಆಗಿದ್ದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿಯೇ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು.

ನಾವು ಪೂರ್ತಿಯಾಗಿ ಗುಣವಾದೆವೆಂದು ಹೇಳಿಕೊಳ್ಳುವುದಿಲ್ಲ. ಪರಿಚಿತರೊಬ್ಬರು ಹಠಾತ್ತನೆ ತೀರಿಕೊಂಡ ಸುದ್ದಿ ಬಂದಾಗ ಬೆರಳು ಇಂದಿಗೂ ಮಣಿಕಟ್ಟಿನ ಕಡೆಗೆ ಹೊರಡುತ್ತದೆ. ಎರಡು ಸಲ ಹಳೆಯ ದಾರಿಗೆ ಬಿದ್ದು, ಹಳೆಯ ಲೆಕ್ಕದ ಪುಸ್ತಕವನ್ನು ತೆರೆದು, ಎದ್ದು ಬಂದಿದ್ದೇವೆ. ಅಕ್ಕನ ಹಳ್ಳಿಗೆ ಹೋಗಿ ನಾಲ್ಕು ದಿನ ಇದ್ದೆವು. ಆಸ್ಪತ್ರೆ ಎಷ್ಟು ದೂರವೆಂದು ಕೇಳಲಿಲ್ಲ. ಕಳೆದ ವರ್ಷ, ಗೊತ್ತಾದ ದಿನದ ವಾರ್ಷಿಕ ಪರೀಕ್ಷೆಯಲ್ಲಿ, ನಮಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಹೃದಯ, ಮಿದುಳು, ಗಂಟಲು ಎಂದು ವರ್ಷಗಟ್ಟಲೆ ಮೂರು ಬಾಗಿಲನ್ನು ಕಾದಿದ್ದೆವು; ಅದು ಹಿತ್ತಲಿನಿಂದ ಬಂತು. ವೈದ್ಯರು ನಮ್ಮ ಮುಖವನ್ನೇ ನೋಡುತ್ತಿದ್ದರು. ಊಟ ಹೇಗೆ,  ನಡಿಗೆ ಎಷ್ಟು, ಮುಂದಿನ ಪರೀಕ್ಷೆ ಎಂದು ಎಂದು ಕೇಳಿ, ಬರೆದುಕೊಂಡು, ಮನೆಗೆ ಬಂದೆವು. ಆ ರಾತ್ರಿ ನಿದ್ದೆ ಬಂತು. ನಿಜವಾದ ರೋಗವನ್ನು ಹೊರುವುದು ನಾವು ಕಲ್ಪಿಸಿಕೊಂಡಿದ್ದಷ್ಟು ಕಷ್ಟವಾಗಿರಲಿಲ್ಲ.

ಮಗಳಿಗೆ ಈಗ ಹದಿನಾಲ್ಕು ವರ್ಷ. ಆ ಆಟ ಅವಳಿಗೆ ನೆನಪಿಲ್ಲ. ನೆನಪಿಲ್ಲವೆಂಬುದು ನಮ್ಮ ಚಿಕಿತ್ಸೆಯಿಂದ ನಮಗೆ ದೊರೆತ ಅತ್ಯಂತ ದೊಡ್ಡ ಲಾಭ. ಈ ಮಾತನ್ನು ಕೇಳುತ್ತಿರುವವರಲ್ಲಿ ಯಾರಾದರೊಬ್ಬರ ಬೆರಳು ಈಗ ಮಣಿಕಟ್ಟಿನ ಮೇಲಿದ್ದರೆ, ಐದು ನಿಮಿಷದ ಮಟ್ಟಿಗೆ ಅದನ್ನು ತೆಗೆಯಬೇಕೆಂದು ಪ್ರಾರ್ಥಿಸಿ, ಈ ಭಾಷಣವನ್ನು ಮುಗಿಸುತ್ತೇವೆ.